ಗಡಿಯಾರದಕ್ಕನ ಕೊನೆಯ ಸಾಲು

ಆಫೀಸಿನಲ್ಲಿ ಅವಳಿಗೆ ಗಡಿಯಾರದಕ್ಕ ಅಂತಲೇ ಹೆಸರು. ನೆಟ್‌ವರ್ಕಿನಿಂದ ಕಂಪ್ಯೂಟರಿಗೆ ಬರುವ ಮಾಹಿತಿಯ ಒಂದೊಂದು ತುಣುಕಿಗೂ, ಅಂದರೆ ಪ್ಯಾಕೆಟ್ಟಿಗೂ, ಅದು ಬಂದ ಹೊತ್ತಿನ ಮುದ್ರೆ ಒತ್ತುವ ಕೋಡು ಅವಳದು. ಆಪರೇಟಿಂಗ್ ಸಿಸ್ಟಮ್ಮಿನ ಹೊಟ್ಟೆಯೊಳಗಿನ ಕೆಲಸ. ಸರಿಯಿದ್ದರೆ ಯಾರ ಕಣ್ಣಿಗೂ ಬೀಳದು, ಕೂದಲೆಳೆಯಷ್ಟು ತಪ್ಪಿದರೆ ಎಲ್ಲ ಕಡೆಯಿಂದ ಬೊಬ್ಬೆ. ಒಂದೊಂದು ನೆಟ್‌ವರ್ಕ್ ಕಾರ್ಡಿಗೂ ಒಂದೊಂದು ಚಾಳಿ. ಒಂದರ ಗಡಿಯಾರ ಮುಂದೋಡುತ್ತದೆ, ಇನ್ನೊಂದರದು ತೂಕಡಿಸುತ್ತದೆ. ಎಲ್ಲವನ್ನೂ ಅರೆದು ಕುಡಿದಿದ್ದಳು. "ಲೋಕದ ಪ್ಯಾಕೆಟ್ಟಿಗೆಲ್ಲ ಟೈಮ್ ಹಾಕ್ತೀಯ, ನನ್ನ ಜೊತೆ ಕೂತು ಊಟ ಮಾಡೋಕೆ ಮಾತ್ರ ನಿನಗೆ ಟೈಮಿಲ್ಲ" ಎಂದು ಗಂಡ ಛೇಡಿಸುತ್ತಿದ್ದ. ಆಮೇಲೆ ಛೇಡಿಸುವುದನ್ನೂ ಬಿಟ್ಟ.

ಆ ಕೋಡು ವರ್ಷಗಳಿಂದ ಹತ್ತಾರು ಕಡೆ ಚೆಲ್ಲಾಪಿಲ್ಲಿಯಾಗಿತ್ತು. ಅದನ್ನೆಲ್ಲ ಒಂದು ಹೊಸ ಫೈಲಿಗೆ ತಂದು ಓರಣ ಮಾಡುವ ಕೆಲಸ ಹೊಸದಾಗಿ ಸೇರಿದವನ ಪಾಲಿಗೆ ಬಂತು. ಮಾತಿನ ಮಲ್ಲ, ಎಲ್ಲರೂ ಅವನನ್ನು ಚುರುಕಪ್ಪ ಅನ್ನುತ್ತಿದ್ದರು. "ಅಕ್ಕಾ, ಈ ಸಾಲು ತೆಗೆದ್ರೆ ಏನಾಗುತ್ತೆ?" ಎಂದು ದಿನವೂ ಅವಳ ಕುರ್ಚಿಗೆ ಜೋತುಬೀಳುತ್ತಿದ್ದ. ಪಾಪ, ಕಲಿಯಲಿ ಅಂತ ಇವಳು ತನ್ನ ಕೆಲಸ ಬದಿಗಿಟ್ಟು ಹೇಳಿಕೊಟ್ಟಳು.

ಅವರಲ್ಲಿ ಒಂದು ವ್ಯವಸ್ಥೆ: ಕೋಡಿನ ಪ್ರತಿ ಸಾಲಿನ ಪಕ್ಕ ಅದನ್ನು ಕೊನೆಗೆ ಮುಟ್ಟಿದವರ ಹೆಸರು ತಾನಾಗಿ ಬರುತ್ತದೆ. ಎತ್ತಿ ಬೇರೆಡೆ ಇಟ್ಟರೂ ಸಾಕು, ಇಟ್ಟವರದೇ ಹೆಸರು. ಅದಕ್ಕೇ ಮೊದಲು ಬರೆದವರು ಇಂಥವರು ಎಂದು ಒಂದು ಸಾಲು ಸೇರಿಸುವುದು ಮರ್ಯಾದೆ. ಚುರುಕಪ್ಪ ಸೇರಿಸಿರಲಿಲ್ಲ. ಅವನ ಬದಲಾವಣೆಗೆ ಒಪ್ಪಿಗೆ ಕೊಡಬೇಕಾದವಳು ಇವಳೇ, ಗಮನಿಸಿದ್ದಳು ಕೂಡ. ಬಾಯಿಬಿಟ್ಟು ಕೇಳಲು ಅದೇನು ಸಂಕೋಚವೋ, ಸುಮ್ಮನೆ ಒಪ್ಪಿಗೆಯ ಗುಂಡಿ ಒತ್ತಿದಳು. ಅಯ್ಯೋ ಹುಚ್ಚಿ!

ಕೆಲವು ತಿಂಗಳಲ್ಲಿ, ಆ ಕೆಲಸಕ್ಕೆ ಇಬ್ಬರು ಬೇಡ, ಒಬ್ಬರನ್ನೇ ಉಳಿಸಿಕೊಳ್ಳುವುದು ಎಂದು ಮೇಲಿನಿಂದ ಆದೇಶ ಬಂತು. ಮ್ಯಾನೇಜರ್ ಇಬ್ಬರನ್ನೂ ಕೂರಿಸಿಕೊಂಡು ಹೊಸ ಫೈಲು ತೆರೆದ. ಮೇಲಿಂದ ಕೆಳಗಿನವರೆಗೂ ಚುರುಕಪ್ಪನದೇ ಹೆಸರು.

"ಇದರಲ್ಲಿ ನಿಮ್ಮದೇನಿದೆ, ಮೇಡಂ?"

ಅವಳು ಚುರುಕಪ್ಪನತ್ತ ತಿರುಗಿದಳು. "ನೀನೇ ಹೇಳಪ್ಪಾ, ಇದನ್ನೆಲ್ಲ ಬರೆದದ್ದು ಯಾರು?"

ಅವನು ತಲೆ ತಗ್ಗಿಸಿ ಮೊಬೈಲಿನ ಗಾಜು ಒರೆಸುತ್ತ ಕೂತ. ಕೊನೆಗೆ, "ಅಕ್ಕ ಸಹಾಯ ಮಾಡಿದ್ರು ಸರ್" ಅಂದ. ಸಹಾಯವಂತೆ, ಸಹಾಯ! ಮ್ಯಾನೇಜರ್ ತಲೆಯಾಡಿಸಿ ಫೈಲು ಮುಚ್ಚಿದ.

ಕೆಲಸ ಬಿಡುವ ದಿನ ಅವಳು ಮೇಜಿನ ಡ್ರಾಯರ್ ಖಾಲಿ ಮಾಡುತ್ತಿದ್ದಾಗ ಚುರುಕಪ್ಪ ಬಂದ. ಹಳೆಯ ಫೈಲೊಂದರಲ್ಲಿ ಅವಳ ಹೆಸರಿನ ಒಂದೇ ಒಂದು ಸಾಲು ಉಳಿದಿತ್ತು, ಮುಂದೆ ಓದುವವರಿಗಾಗಿ ಬರೆದ ಟಿಪ್ಪಣಿ: 'ಇಲ್ಲಿ ಏನಾದರೂ ಅರ್ಥವಾಗದಿದ್ದರೆ ನನ್ನನ್ನು ಕೇಳಿ.'

"ನೀವು ಇನ್ನು ಇರಲ್ವಲ್ಲ ಅಕ್ಕಾ, ಅಳಿಸಿಬಿಡ್ತೀನಿ. ಒಪ್ಪಿಗೆ ನಿಮ್ದೇ ಬೇಕು."

ಅವಳು ಚೀಲ ಕೆಳಗಿಟ್ಟು ಮತ್ತೆ ಕುರ್ಚಿಯಲ್ಲಿ ಕೂತಳು. ಗುಂಡಿ ಒತ್ತಿದಳು.

"ತಗೋ," ಅಂದಳು. "ಇದನ್ನೂ ಸಹಾಯ ಅಂತ ಬರ್ಕೋ."