ಚಿಕ್ಕಪ್ಪನ ಹುಸಿ ಮ್ಯಾಂಟಿಸ್

ನಮ್ಮ ಚಿಕ್ಕಪ್ಪ ಗಡಿಯಾರ ರಿಪೇರಿ ಮಾಡುವವರು. ಕೂದಲೆಳೆಯಂಥ ಸ್ಪ್ರಿಂಗು ನೆಲಕ್ಕೆ ಬಿದ್ದರೂ ಹುಡುಕಿ ತೆಗೆಯುವ ಕಣ್ಣು. ಭಾನುವಾರ ಹುಳ ನೋಡುವ ಸಂಘದ ಜೊತೆ ಹೊರಟರೆ ಮಾತ್ರ ಆ ಕಣ್ಣಿಗೆ ಅದೇನು ಗ್ರಹಣ ಹಿಡಿಯುತ್ತಿತ್ತೋ! ಅವರಿಗೆ ಬೇಕಾಗಿದ್ದದ್ದು ಒಂದೇ ಹುಳ. ಅವರೇ ಇಟ್ಟ ಹೆಸರು ಹುಸಿ ಮ್ಯಾಂಟಿಸ್. ಮುಂಗಾಲು ಮಡಚಿ ಕೈಮುಗಿದಂತೆ ನಿಲ್ಲುವುದರಲ್ಲಿ ಥೇಟ್ ಮ್ಯಾಂಟಿಸ್ ಎಂಬ ಬೇಟೆಗಾರ ಕೀಟದ ಹಾಗೆ, ಆದರೆ ಆ ಕುಲಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಗುರುತಿರುವುದು ರೆಕ್ಕೆಯಲ್ಲಿ. ಗಾಜಿನಂತೆ ತಿಳಿಯಾದ ರೆಕ್ಕೆ, ಅದರ ತುಂಬ ಬಲೆಯಂಥ ನರ, ಬೆನ್ನ ಮೇಲೆ ಮನೆಯ ಮಾಡಿನಂತೆ ಇಳಿಜಾರು.

ಇದನ್ನೆಲ್ಲ ಚಿಕ್ಕಪ್ಪ ಊಟದ ತಟ್ಟೆ ಮುಂದೆ ಪಾಠದಂತೆ ಒಪ್ಪಿಸುತ್ತಿದ್ದರು. ಗಿಡದ ಮುಂದೆ ನಿಂತರೆ ಕಾಲಷ್ಟೇ ಕಾಣುತ್ತಿತ್ತು. "ಸಿಕ್ತು!" ಎಂದು ಕೂಗಿ ಎಲ್ಲರನ್ನೂ ಓಡಿಸಿ ತೋರಿಸುತ್ತಿದ್ದದ್ದು ಮಾಮೂಲಿ ಮ್ಯಾಂಟಿಸ್ ಮರಿಯನ್ನು. ಮರಿಗೆ ರೆಕ್ಕೆಯೇ ಇರುವುದಿಲ್ಲ!

ಸಂಘಕ್ಕೆ ಹಿರಿಯರೆಂದರೆ ಒಬ್ಬ ಹಲ್ಲಿನ ಡಾಕ್ಟರು. "ಇನ್ನೊಂದು ಸಲ ಸುಮ್ನೆ ಕೂಗಿದ್ರೆ, ಗೇಟಿನ ಹತ್ರ ನಮ್ಮ ಬ್ಯಾಗು ಕಾಯ್ತಾ ಕೂತ್ಕೋಬೇಕು, ಅಷ್ಟೇ" ಎಂದುಬಿಟ್ಟರು.

ಮುಂದಿನ ಭಾನುವಾರ ಚಿಕ್ಕಮ್ಮನೂ ನಾನೂ ಅವರ ಮಾನ ಕಾಯಲು ಜೊತೆಗೆ ಹೋದೆವು. ಪಾರ್ಕಿನ ಬೇಲಿಯ ಹತ್ತಿರ ಚಿಕ್ಕಪ್ಪ ನಿಂತುಬಿಟ್ಟರು. ಕೂಗಲಿಲ್ಲ. ರಿಪೇರಿಯ ಲೆನ್ಸು ಕಣ್ಣಿಗೆ ಸಿಕ್ಕಿಸಿಕೊಂಡು ಬಗ್ಗಿದರು.

"ನೋಡೇ, ರೆಕ್ಕೆ," ಎಂದು ಚಿಕ್ಕಮ್ಮನಿಗೆ ಪಿಸುಗುಟ್ಟಿದರು. ರೆಕ್ಕೆ ಇತ್ತು, ಬಲೆ ಇತ್ತು, ಇಳಿಜಾರೂ ಇತ್ತು!

ನಾನು ಓಡಿಹೋಗಿ ಡಾಕ್ಟರನ್ನು ಕರೆದೆ. ಮಹಾರಾಯರು ಕಲ್ಲುಬೆಂಚಿನಿಂದ ಕದಲಲಿಲ್ಲ. "ಮೊದ್ಲು ಫೋಟೋ ತೆಗೀರಿ, ಆಮೇಲೆ ನೋಡೋಣ."

ಬೇಲಿಯಲ್ಲಿ ನೆರಳು, ಫೋಟೋ ಬರುವಂತಿರಲಿಲ್ಲ. ಚಿಕ್ಕಪ್ಪ ಹುಳವನ್ನು ಕಡ್ಡಿಗೆ ಹತ್ತಿಸಿ, ಬಿಸಿಲಿನ ಎಲೆಯೊಂದರ ಮೇಲೆ ಮೆಲ್ಲಗೆ ಇಳಿಸಿದರು. ಪಕ್ಕದಲ್ಲೇ ದೊಡ್ಡ ಹಸಿರು ಮ್ಯಾಂಟಿಸ್ ಕೂತಿತ್ತು. ವರ್ಷವಿಡೀ ಮ್ಯಾಂಟಿಸ್ಸನ್ನೇ ತೋರಿಸಿದ ಮಹಾನುಭಾವರಿಗೆ ಅವತ್ತು ಮಾತ್ರ ಅದು ಕಾಣಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹುಳ ಅದರ ಹಿಡಿತದಲ್ಲಿತ್ತು.

"ಅಯ್ಯೋ, ಬಿಡೋ! ಬಿಡೋ!" ಚಿಕ್ಕಪ್ಪ ಬೊಬ್ಬೆ ಹೊಡೆದರು.

ಡಾಕ್ಟರು ಕೊನೆಗೂ ಬಂದಾಗ ಮ್ಯಾಂಟಿಸ್ ಊಟ ಮುಗಿಸಿ ಕಾಲು ಒರೆಸಿಕೊಳ್ಳುತ್ತಿತ್ತು. "ಮತ್ತೆ ಮ್ಯಾಂಟಿಸ್ಸೇ ತಾನೆ? ಸರಿ, ಇನ್ನು ಬ್ಯಾಗು..." ಎಂದು ಶುರು ಮಾಡಿದರು.

ಚಿಕ್ಕಮ್ಮ ಮಂಡಿಯೂರಿ, ಕೆಳಗೆ ಬಿದ್ದಿದ್ದ ರೆಕ್ಕೆಗಳನ್ನು ಅಂಗೈಯಲ್ಲಿ ಎತ್ತಿ ಅವರ ಮೂಗಿನ ಮುಂದೆ ಹಿಡಿದರು. "ಇದನ್ನ ನೋಡಿ ಆಮೇಲೆ ಮಾತಾಡಿ ಡಾಕ್ಟ್ರೇ."

ಡಾಕ್ಟರು ಚಿಕ್ಕಪ್ಪನ ಲೆನ್ಸನ್ನೇ ಇಸಿದುಕೊಂಡು ಬಹಳ ಹೊತ್ತು ನೋಡಿದರು. "ಅದೇ ಕಣ್ರೀ. ನೀವು ಹೇಳಿದ್ದೇ ಸರಿ," ಎಂದು ಕುಲುಕಲು ಕೈ ಚಾಚಿದರು.

ನನಗೆ ಕುಣಿಯುವಷ್ಟು ಖುಷಿ. ಚಿಕ್ಕಪ್ಪನ ಕಣ್ಣಲ್ಲಿ ಮಾತ್ರ ನೀರು.

"ಬೆಂಚಿಂದ ಎದ್ದು ಬಂದಿದ್ರೆ ಸಾಕಿತ್ತು ಡಾಕ್ಟ್ರೇ," ಎಂದರು. "ಪಾಪ, ಅದು ನೆರಳಲ್ಲೇ ಬದುಕ್ಕೊಂಡಿರ್ತಿತ್ತು."