ಹೊಲದಲ್ಲಿ ಬಿದ್ದ ಚುಕ್ಕಿ

ಒದ್ದೆಯಾಗಿರುತ್ತಿದ್ದದ್ದು ಆಕೆಯ ಸೆರಗಿನ ತುದಿಯೋ, ಹೆಗಲ ಮೇಲಿನ ಟವೆಲ್ಲೋ, ಈಗ ಆಣೆ ಮಾಡಿ ಹೇಳಲಾರೆ. ಸೆರಗು ಎಂದೇ ಇಟ್ಟುಕೊಳ್ಳೋಣ. ಮುದುಕರ ಹೆಬ್ಬೆರಳು ಒರೆಸಿ ಒರೆಸಿ ಅದರ ಅಂಚು ಕಂದಾಗಿತ್ತು. ಬ್ಯಾಂಕಿನ ಪರವಾಗಿ ಹೆಡತಲೆ ಎಂಬ ಊರಿನ ಮನೆಮನೆಗೆ ಪಿಂಚಣಿ ಹಣ ತಂದುಕೊಡುತ್ತಿದ್ದ ಆಕೆಯನ್ನು ಎಲ್ಲರೂ ಮಿಷನ್ ಅಕ್ಕ ಎನ್ನುತ್ತಿದ್ದರು. ಮಿಷನ್ ಎಂದರೆ ಫೋನಿಗೆ ವೈರಿನಿಂದ ಜೋಡಿಸಿದ, ಬೆರಳಚ್ಚು ಓದುವ ಸಣ್ಣ ಡಬ್ಬಿ. ಬೆರಳು ಹೊಂದಿದರೆ ಹಣ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ.

ನಾನು ನಂಜನಗೂಡಿನ ಶಾಲೆಯೊಂದರಲ್ಲಿ ಮೇಷ್ಟ್ರು. ಆಗ ಹೆಡತಲೆಯಲ್ಲಿ ನನ್ನ ಸೋದರತ್ತೆಯ ಮನೆಯಲ್ಲಿದ್ದೆ. ಅತ್ತೆ ಹಾಸಿಗೆ ಹಿಡಿದು ವರ್ಷಗಳಾಗಿದ್ದವು. ಅಕ್ಕ ಬಂದವಳೇ ಮಂಚದ ಅಂಚಿಗೆ ಕೂತು ಬಿಸಿನೀರು ಕೇಳುವಳು, ಅತ್ತೆಯ ಬೆರಳು ಅದ್ದಿಸಿ ಒರೆಸುವಳು. ಡಬ್ಬಿ ಮತ್ತೆ ಮತ್ತೆ ಕೆಂಪು ದೀಪ ತೋರುತ್ತಿತ್ತು.

"ಗೆರೇನೆಲ್ಲ ಯಾರ್ಗವ್ವ ಬಡ್ಡಿಗೆ ಕೊಟ್ಟಿದ್ದೀ?"

"ನಿನ್ ಡಬ್ಬಿಗೆ ಪೊರೆ ಬಂದದೆ ಕಣೇ, ಆಸ್ಪತ್ರೆಗೆ ತೋರ್ಸು" ಎನ್ನುತ್ತಿದ್ದರು ಅತ್ತೆ.

ಹಣ ಕೈಗಿಡುವವರೆಗೆ ಆಕೆ ಯಾರ ಮನೆಯ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಆದರೂ ಊರಿನಲ್ಲಿ ಗೊಣಗಾಟವಿತ್ತು: ಮನೆಯಲ್ಲೇ ಕೂತು ಸುತ್ತಿ ಬಂದೆ ಎನ್ನುತ್ತಾಳೆ, ಇವಳದೇನು ಕತೆಯೋ ಎಂದು. ಅದು ಆಕೆಯನ್ನು ಒಳಗೇ ಸುಡುತ್ತಿತ್ತು.

ಹಾಗಾಗಿ ಹೊಸ ನಿಯಮ ಬಂದಾಗ ಎಲ್ಲರಿಗಿಂತ ಖುಷಿಪಟ್ಟವಳು ಅವಳೇ. ಎಲ್ಲೋ ಯಾರೋ ಒಂದೇ ಕಡೆ ಕೂತು ಹತ್ತು ಊರಿನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರಂತೆ. ಲೆಕ್ಕ ನೆಟ್ಟಗಿರಲೆಂದು, ಇನ್ನು ಮುಂದೆ ಪ್ರತಿ ಪಾವತಿಯ ಜೊತೆ ಅದು ನಡೆದ ಜಾಗವನ್ನೂ ಫೋನೇ ದಾಖಲಿಸುತ್ತದೆ ಎಂದು ಟಿ. ನರಸೀಪುರದಿಂದ ಬಂದ ಸೂಪರ್‌ವೈಸರ್ ವಿವರಿಸಿದ. ಅವನ ಫೋನಿನ ನಕ್ಷೆಯಲ್ಲಿ ಪ್ರತಿ ಪಾವತಿಯೂ ಒಂದು ಚುಕ್ಕಿ.

"ಒಳ್ಳೇದಾಯ್ತು ಬುಡಿ ಮೇಷ್ಟ್ರೆ" ಎಂದಳು ನನಗೆ. "ನಾ ಎಲ್ಲೆಲ್ಲಿ ಓಗಿದ್ದೆ ಅಂತ ಇನ್ಮೇಲೆ ಅದೇ ಯೋಳ್ತದೆ."

ಅತ್ತೆ ತೀರಿಕೊಂಡದ್ದು ಒಂದು ಬೆಳಗ್ಗೆ. ಮಧ್ಯಾಹ್ನದೊಳಗೆ ನಮ್ಮದೇ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದೆವು. ಕೆಲವು ವಾರಗಳ ಮೇಲೆ ಸೂಪರ್‌ವೈಸರ್ ಬಂದು ನನ್ನೆದುರು ಫೋನು ಹಿಡಿದ. ಅತ್ತೆಯ ಕೊನೆಯ ಪಿಂಚಣಿ ಅದೇ ಬೆಳಗ್ಗೆ ಪಾವತಿಯಾಗಿತ್ತು. ಚುಕ್ಕಿ ಬಿದ್ದದ್ದು ಮನೆಯ ಮೇಲಲ್ಲ, ಹೊಲದ ಮೇಲೆ. ಅಕ್ಕ ಸತ್ತವಳ ಬೆರಳು ಒತ್ತಿಸಿದ್ದಾಳೆ ಎಂಬುದು ಮೇಲಿನವರ ಅನುಮಾನ. ನಿಜವಾದರೆ ಕೆಲಸ ಹೋಗುತ್ತದೆ, ಪೊಲೀಸರವರೆಗೂ ಹೋಗಬಹುದು.

ಅಕ್ಕ ಹೇಳಿದ್ದು ಸರಳವಾಗಿತ್ತು. ಅಂದು ಹೊಲದ ದಾರಿಯಲ್ಲಿ ನಡೆದು ಮನೆಗೆ ಬಂದಳಂತೆ. ನಮ್ಮ ನಡುಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಫೋನು ಹಿಂದಿನ ಜಾಗವನ್ನೇ ಹಿಡಿದುಕೊಂಡಿರಬೇಕು. ಬೆರಳಿಟ್ಟಾಗ ಅತ್ತೆಗೆ ಉಸಿರಿತ್ತು, ಮಾತಿರಲಿಲ್ಲ. ಅತ್ತೆಯ ಮಗನೂ ಹಾಗೆಯೇ ಹೇಳಿದ. ಆದರೆ ಹಣ ತೆಗೆದುಕೊಂಡವನು ಅವನೇ, ಅವನ ಮಾತು ಲೆಕ್ಕಕ್ಕಿಲ್ಲ. ರಸೀದಿಯಲ್ಲಿ ಸಮಯವಿತ್ತು. ಅತ್ತೆಯ ಉಸಿರು ನಿಂತಾಗ, ಹೆಣ ಎತ್ತಿದಾಗ, ನಾವ್ಯಾರೂ ಗಡಿಯಾರ ನೋಡಿರಲಿಲ್ಲ.

ಉಳಿದ ಸಾಕ್ಷಿ ನಾನೊಬ್ಬನೇ. ಆ ಬೆಳಗ್ಗೆ ನೆಂಟರಿಗೆ ಫೋನು ಮಾಡುತ್ತ ಜಗಲಿಗೂ ಒಳಕ್ಕೂ ಓಡಾಡುತ್ತಿದ್ದೆ. ಅಕ್ಕ ಮಂಚದ ಬಳಿ ಕೂತಿದ್ದ ಚಿತ್ರ ನನ್ನಲ್ಲಿದೆ. ಅದು ಅಂದಿನದೇ, ಹಿಂದಿನ ತಿಂಗಳಿನದೇ? ಇನ್ನೊಂದು ಚಿತ್ರವೂ ಇದೆ: ಹೊಲದಲ್ಲಿ, ಗುಂಡಿಯ ಪಕ್ಕ, ಆಕೆ ಬಗ್ಗಿ ಅತ್ತೆಯ ಕೈ ಹಿಡಿದಿದ್ದಾಳೆ, ಸೆರಗಿನಿಂದ ಬೆರಳು ಒರೆಸುತ್ತಿದ್ದಾಳೆ. ಅದು ಬೀಳ್ಕೊಡುಗೆಯೋ, ಬೇರೆಯೋ? ಅಥವಾ ಸೂಪರ್‌ವೈಸರ್ ಚುಕ್ಕಿ ತೋರಿಸಿದ ಮೇಲೆ ನನ್ನ ತಲೆ ಕಟ್ಟಿಕೊಂಡ ಚಿತ್ರವೋ?

"ಜೀವ ಇತ್ತು ಅಂತ ಒಂದು ಮಾತು ಹೇಳಿ ಸಾರ್, ನಾನು ಬರ್ಕೊಂಡು ಹೋಗ್ತೀನಿ" ಎಂದ ಅವನು. ಕೆಟ್ಟವನೇನಲ್ಲ. ಅಕ್ಕ ಬಾಗಿಲ ಬಳಿ ನಿಂತಿದ್ದಳು.

ನನಗೆ ನೆನಪಿಲ್ಲ ಎಂದೆ. ಅವನು ಅದನ್ನೇ ಬರೆದುಕೊಂಡ.

ಡಬ್ಬಿಯನ್ನು ವಾಪಸು ತೆಗೆದುಕೊಂಡರು. ಪೊಲೀಸರವರೆಗೆ ಹೋಗಲಿಲ್ಲ, ಆದರೆ ಊರಿನವರು ಬಿಡಲಿಲ್ಲ. ಹೆಣದ ಬೆರಳು ಒತ್ತಿಸಿದವಳು ಎಂಬ ಮಾತು ಕವಲಂದೆಯವರೆಗೂ ಹೋಯಿತು. ಆಕೆ ಟಿ. ನರಸೀಪುರದ ಛತ್ರವೊಂದರಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ಒಮ್ಮೆ ಅಲ್ಲಿನ ಬಸ್ ನಿಲ್ದಾಣದಲ್ಲಿ ಸಿಕ್ಕಳು. ನನ್ನ ಕೆಲಸ, ರಜೆ ಎಲ್ಲ ವಿಚಾರಿಸಿದಳು. ನಾನು ತಡೆಯಲಾರದೆ, ಅಂದು ಅತ್ತೆಗೆ ನಿಜವಾಗಿ ಉಸಿರಿತ್ತೇ ಎಂದು ಕೇಳಿಬಿಟ್ಟೆ.

"ನೀವೂ ಅಲ್ಲೇ ಇದ್ರಲ್ಲ ಮೇಷ್ಟ್ರೆ" ಎಂದಳು. "ನನ್ನ ಕೇಳ್ತೀರಾ?"

ನಂಜನಗೂಡಿನ ಬಸ್ಸು ಬಂತು, ನಾನು ಹತ್ತಿದೆ. ಮುಂದಿನ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಳಂತೆ. ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಹೊಲದಲ್ಲಿ ನಾನು ಆಕೆಯನ್ನು ಕಂಡೆನೇ, ಗೊತ್ತಿಲ್ಲ. ಬೆರಳಿಟ್ಟಾಗ ಅತ್ತೆ ಬದುಕಿದ್ದರೇ, ಅದೂ ಗೊತ್ತಿಲ್ಲ.