ಜಾರುವ ಕಾರು ಜಾರುತ್ತದೆಂಬ ದೂರು

ಪುಣೆಯ ಹಡಪಸರದ ರಸ್ತೆಯಲ್ಲಿ ಇನ್ನೂ ಕಸ ಗುಡಿಸುವವರು ಮಾತ್ರ ಇದ್ದಾರೆ. ನಿಜಲಿಂಗಪ್ಪನವರ ಆಟಿಕೆ ಅಂಗಡಿಯ ಮೆಟ್ಟಿಲ ಮೇಲೆ ಕೂತ ಸಾವಂತ್ರವ್ವ, ನಲ್ಲಿಯ ಪ್ಲಾಸ್ಟಿಕ್ ಪೈಪನ್ನು ಕಾಲಡಿ ಒತ್ತಿ ಹಿಡಿದು ಗರಗಸದಿಂದ ಬಳೆಬಳೆಯಾಗಿ ಕೊಯ್ಯುತ್ತಿದ್ದಾರೆ. ಇವು ರಿಮೋಟ್ ಕಾರಿನ ಗಾಲಿಗೆ ಹಾಕುವ ಟೈರುಗಳು. ರಬ್ಬರ್ ಟೈರು ನೆಲ ಕಚ್ಚುತ್ತದೆ, ಇವು ಕಚ್ಚುವುದಿಲ್ಲ. ತಿರುವಿನಲ್ಲಿ ಕಾರು ಅಡ್ಡಡ್ಡ ಜಾರಿಕೊಂಡು ಹೋಗುತ್ತದೆ. ಇದಕ್ಕೇ ಡ್ರಿಫ್ಟ್ ಎಂದು ಹೆಸರು.

"ಎಲ್ಲಾರಿಗೂ ಬೇಕ್ರೀ ಡ್ರಿಫ್ಟ್. ಒಯ್ದ ಮರುದಿನ ತಿರುಗಿ ತರ್ತಾರ. ಏನಾತ್ರೀ ಅಂದ್ರ, ಗಾಡಿ ಜಾರ್ತದ ಅಂತಾರ! ಜಾರಲಾರದ ಮತ್ತೇನ ಹಾರಬೇಕೇನ್ರೀ?" ಗರಗಸ ನಿಲ್ಲುವುದಿಲ್ಲ.

ಇಂಡಿ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದ ಈಕೆ ರೇಡಿಯೊ ಕಾರ್ಖಾನೆಯಲ್ಲಿ ತಂತಿ ಬೆಸೆಯುತ್ತಿದ್ದವರು. 1998ರಲ್ಲಿ ಕಾರ್ಖಾನೆಗೆ ಬೀಗ ಬಿದ್ದ ಮೇಲೆ ನಾಲ್ಕಾರು ಮನೆಯ ಪಾತ್ರೆ ತಿಕ್ಕಿದರು. ಕೆಟ್ಟ ಆಟಿಕೆಗಳ ರಿಪೇರಿಗೆಂದು ಕರೆದ ನಿಜಲಿಂಗಪ್ಪನವರು ಅಂಗಡಿಯ ಹಿಂಬದಿಗೆ ಒಂದು ಮೇಜು ಹಾಕಿಕೊಟ್ಟರು. ಈಗ, 2007ರಲ್ಲಿ, ದಿನಕ್ಕೆ ಏಳೆಂಟು ಕಾರು ಬಿಚ್ಚುತ್ತಾರೆ. ಡ್ರಿಫ್ಟಿಗೆ ಎಂಥ ಕಾರು ಬೇಕೆಂದು ಕೇಳಿದರೆ ಹೇಳುತ್ತಾರೆ ಕೂಡ: ಮೋಟರು ನಾಲ್ಕೂ ಗಾಲಿಯನ್ನು ತಿರುಗಿಸಬೇಕು, ರಿಮೋಟಿನಲ್ಲಿ ಎಷ್ಟು ಹೊರಳಿಸುತ್ತೀರೋ ಕಾರು ಅಷ್ಟೇ ಹೊರಳಬೇಕು, ವೇಗ ಆಮೇಲಿನ ಮಾತು. ಆದರೆ ಕೇಳುವವರು ಯಾರು? ಹಣದ ಗಲ್ಲೆಯಲ್ಲಿ ಕೂತ ನಿಜಲಿಂಗಪ್ಪನವರೇ "ಕೆಂಪು ಒಯ್ರಿ, ಭಾಳ ಫಾಸ್ಟ್ ಅದ" ಎಂದು ಡಬ್ಬಿ ಕೈಗಿಟ್ಟುಬಿಡುತ್ತಾರೆ. ಅದು ತಿರುಗಿ ಬಂದರೆ ಬೈಗುಳವೆಲ್ಲ ಹಿಂದಿನ ಮೇಜಿಗೆ. ಪೇಪರಿಗೆ ಬರೆಯಲು ಬಂದು ನೋಡುತ್ತ ಕೂತ ನನಗೇ ತಲೆ ಚಿಟ್ಟು ಹಿಡಿಯುತ್ತದೆ.

ಈ ದಸರೆಗೆ ಅಂಗಡಿಯ ಯಜಮಾನರು ಖಡಾಖಂಡಿತವಾಗಿ ಹೇಳಿದ್ದಾರೆ: "ಇನ್ನೊಂದ್ ಡ್ರಿಫ್ಟ್ ಗಾಡಿ ತಿರುಗಿ ಬಂತಂದ್ರ ಆ ಮೇಜು ತಗಸ್ತೀನಿ. ಅಲ್ಲಿ ಕರಡಿ ಗೊಂಬಿ ಇಡೂಣು." ಮೇಜು ಹೋದರೆ ಸಾವಂತ್ರವ್ವ ಮತ್ತೆ ಪಾತ್ರೆ ತಿಕ್ಕುವುದೇ.

ಹಬ್ಬ ಮುಗಿದ ಮರುದಿನ ತನಿಯಪ್ಪ ಬರುತ್ತಾರೆ. ಉಡುಪಿ ಕಡೆಯವರು, ಪಕ್ಕದ ಬೀದಿಯಲ್ಲಿ ಹೋಟೆಲಿದೆ. ಐವತ್ತು ದಾಟಿದ ಆಸಾಮಿ. ಕಾರು ಕೊಂಡದ್ದು ತಮಗಾಗಿಯೇ. ಹಟ ಹಿಡಿದು ಸಾವಂತ್ರವ್ವ ತಾವೇ ಆರಿಸಿಕೊಟ್ಟ ಕಾರು ಅದೊಂದೇ.

"ಎಂತದು ಅಕ್ಕಾ ಇದು? ಅಲ್ಲಾಡುದೇ ಇಲ್ಲ! ಬೇರೆ ಕೊಡಿ."

ನಿಜಲಿಂಗಪ್ಪನವರು ಗಲ್ಲೆ ಬಿಟ್ಟು ಎದ್ದು ಬರುತ್ತಾರೆ. ಸಾವಂತ್ರವ್ವ ಸ್ಕ್ರೂ ಬಿಚ್ಚುತ್ತಾರೆ. ಒಳಗೆ ಅರಿಸಿನ, ಕುಂಕುಮ, ಹಲ್ಲುಗಾಲಿಯಲ್ಲಿ ಸಿಕ್ಕಿಕೊಂಡ ಲಿಂಬೆಬೀಜ.

"ಪೂಜಿ ಮಾಡೀರೇನ್ರೀ?"

"ಮಾಡದೆ ಗಾಡಿ ಓಡಿಸ್ಲಿಕ್ಕುಂಟಾ? ಹೋಟೆಲಿನ ಟೆಂಪೋಗೆ ಮಾಡಿದ ಹಾಗೇ ಮಾಡಿದ್ದು. ಗಾಲಿಗೊಂದು ಲಿಂಬೆ ಇಟ್ಟೆ. ಹತ್ತಲೇ ಇಲ್ಲ, ಮತ್ತೆ ಕೈಯಲ್ಲೇ ಒತ್ತಿದೆ. ಕಾಯಿ ಒಡೆದು ನೀರು ಹಾಕಿದೆ."

"ಅಯ್ಯ ನನ್ನ ಶಿವನ!" ಸಾವಂತ್ರವ್ವ ಹಣೆ ಬಡಿದುಕೊಳ್ಳುತ್ತಾರೆ. "ಗೇಣುದ್ದದ ಗಾಡಿ, ಲಿಂಬಿಕಾಯಿ ಹತ್ತತದೇನ್ರೀ? ಜಳಕಾ ಮಾಡಿಸಿಕೊಂಡು ಬಂದು ನನಗ ಬೈತೀರಿ!"

ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ತಿಕ್ಕುತ್ತಾರೆ, ಕಳಚಿದ ತಂತಿಯನ್ನು ಬೆಸೆಯುತ್ತಾರೆ. ಇಷ್ಟು ಹೊತ್ತೂ ಇಬ್ಬರು ಗಂಡಸರು ತಲೆಯ ಮೇಲೆ ನಿಂತು ತಲಾ ಒಂದೊಂದು ಸಲಹೆ ಕೊಡುತ್ತಿರುತ್ತಾರೆ. ಕೊನೆಗೆ ಕಾರನ್ನು ಅಂಗಡಿಯ ಟೈಲ್ಸಿನ ಮೇಲೆ ಬಿಡುತ್ತಾರೆ. ಅದು ಸ್ಟೂಲಿನ ಸುತ್ತ ಮೂತಿ ಒಳಕ್ಕೆ, ಬಾಲ ಹೊರಕ್ಕೆ ಹಾಕಿ ಜಾರುತ್ತ ಸುತ್ತು ಹಾಕುತ್ತದೆ.

"ಚಂದ ಉಂಟಲ್ಲ ಮಾರಾಯ್ರೇ!" ತನಿಯಪ್ಪನವರಿಗೆ ಬೇರೆ ಕಾರಿನ ನೆನಪೇ ಇಲ್ಲ.

ನಿಜಲಿಂಗಪ್ಪನವರು ರಿಮೋಟ್ ಕಸಿದುಕೊಳ್ಳುತ್ತಾರೆ. ಇಷ್ಟು ಕಾರು ಮಾರಿದ ಮನುಷ್ಯ ಒಂದನ್ನೂ ಓಡಿಸಿ ನೋಡಿಲ್ಲವಂತೆ! ಆಮೇಲೆ ತಾವೇ ಹೊಗಳುವ ಕೆಂಪು ಕಾರನ್ನು ಇಳಿಸಿ ಸ್ಟೂಲಿನ ಸುತ್ತ ತಿರುಗಿಸಲು ನೋಡುತ್ತಾರೆ. ಅದು ನೆಟ್ಟಗೆ ಹೋಗಿ ಗಾಜಿನ ಕಪಾಟಿಗೆ ಗುದ್ದುತ್ತದೆ. ಇನ್ನೊಮ್ಮೆ ನೋಡುತ್ತಾರೆ. ಇನ್ನೊಮ್ಮೆ ಗುದ್ದುತ್ತದೆ. ಗಲ್ಲೆಗೆ ಹೋಗಿ ಕೂರುತ್ತಾರೆ.

ತನಿಯಪ್ಪ ಕಾರು ಅಪ್ಪಿಕೊಂಡು ಹೊರಟ ಮೇಲೆ, ನಿಮಗೇನಾದರೂ ಆಸೆ ಇದೆಯಾ ಎಂದು ಸಾವಂತ್ರವ್ವನವರನ್ನು ಕೇಳುತ್ತೇನೆ.

"ಆಸಿ ಏನ್ರೀ, ಗಿರಾಕಿ ಗಾಡಿ ಒಯ್ಯೂಕಿಂತ ಮೊದ್ಲ ನನ್ನ ಒಂದ್ ಮಾತು..."

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ತರುಣ ಡ್ರಿಫ್ಟ್ ಕಾರು ಬೇಕೆಂದು ಮರಾಠಿಯಲ್ಲಿ ಕೇಳುತ್ತಾನೆ. ನಿಜಲಿಂಗಪ್ಪನವರು ತಲೆ ಎತ್ತದೆ ಹಿಂದಕ್ಕೆ ಕೈ ತೋರಿಸುತ್ತಾರೆ. "ಅಕ್ಕಾಂನಾ ವಿಚಾರಾ." ಅಕ್ಕನನ್ನು ಕೇಳಿ.

ಸಾವಂತ್ರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಲ್ಲುತ್ತಾರೆ.

"ನಿಮ್ಮ ಪೇಪರಿಂದು ಆಮ್ಯಾಲ ಮಾಡೂಣು. ಒಂಚೂರು ಸರೀರಿ, ಗಿರಾಕಿ ನನ್ನ ಹತ್ರ ಬಂದಾನ."